ಅಂಬಾಸಿಡರ್ ಆಮ್ಮೀಟರ್: ಮೂರು ಭಾನುವಾರ, ಒಂದು ವೈರು

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಕಾರು ತಿರುಗಿಸಿದ್ದೆ. ಪಕ್ಕದ ಸೀಟಿನಲ್ಲಿದ್ದ ಅಪ್ಪ ಬಗ್ಗಿ ಡ್ಯಾಶ್‌ಬೋರ್ಡ್ ಕೆಳಗೆ ಇಣುಕಿದರು. ಗಾಜಿನ ಮೇಲೆ ಬೆರಳಿಂದ ಎರಡು ಸಲ ಕುಟ್ಟಿದರು.

"ಏನೋ ಇದು, ಮುಳ್ಳು ಇನ್ನೂ ಮೈನಸ್ಸಲ್ಲೇ ಇದೆಯಲ್ಲ? ಬ್ಯಾಟರಿ ತಿಂದ್ಹಾಕ್ತಿದೆ ಕಣೋ."

ಕಾರು 1982ರ ಅಂಬಾಸಿಡರ್ ಮಾರ್ಕ್ 4, 1489 ಸಿಸಿ ಪೆಟ್ರೋಲ್ ಎಂಜಿನ್. ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ನಮ್ಮ ಮನೆ ಪಕ್ಕದ ಶೀಟ್ ಶೆಡ್ಡಿನಲ್ಲಿ ಆರು ವರ್ಷ ಧೂಳು ತಿಂದು ನಿಂತಿತ್ತು. ಹೋದ ವರ್ಷ ಕಾರ್ಬುರೇಟರ್, ಬ್ರೇಕ್, ಟೈರ್ ಅಂತ ಒಂದೊಂದೇ ಮಾಡಿಸಿ ರಸ್ತೆಗೆ ತಂದೆ. ಬ್ಯಾಟರಿ ಹೊಸದು, 60 ಆಂಪಿಯರ್ ಅವರ್ (ಆಂಪಿಯರನ್ನು ಗಂಟೆಯಿಂದ ಗುಣಿಸಿದ ಲೆಕ್ಕ). ಡ್ಯಾಶ್‌ಬೋರ್ಡಿನ ಕೆಳಗೆ ಯಾರೋ ಹಿಂದೆ ಒಂದು ತಗಡಿನ ಪಟ್ಟಿ ಬಗ್ಗಿಸಿ ಸ್ಕ್ರೂ ಹೊಡೆದು, ಅದರಲ್ಲಿ ಬ್ಯಾಟರಿಗೆ ಕರೆಂಟ್ ಬರ್ತಿದೆಯೋ ಹೋಗ್ತಿದೆಯೋ ತೋರಿಸೋ ದುಂಡನೆಯ ಆಮ್ಮೀಟರ್ ಕೂರಿಸಿದ್ದಾರೆ. ನಡುವೆ ಸೊನ್ನೆ, ಎಡಕ್ಕೆ ಮೈನಸ್ 30, ಬಲಕ್ಕೆ ಪ್ಲಸ್ 30.

ಆ ಮುಳ್ಳು ಹಗಲಲ್ಲಿ ಮೈನಸ್ 4ರ ಹತ್ತಿರ ಇರುತ್ತಿತ್ತು. ಹೆಡ್‌ಲೈಟ್ ಹಾಕಿದರೆ ಮೈನಸ್ 14. ಎಷ್ಟು ರೇಸ್ ಮಾಡಿದರೂ ಬಲಕ್ಕೆ ಬರುತ್ತಲೇ ಇರಲಿಲ್ಲ.

ಬ್ಯಾಟರಿ ಅಂಗಡಿಯವರು ನೋಡಿದ ತಕ್ಷಣ ಹೇಳಿದರು: "ಚಾರ್ಜಿಂಗೇ ಇಲ್ಲ ಸಾರ್." ಎಂಜಿನ್ ಜೊತೆ ತಿರುಗಿ ಕರೆಂಟ್ ಹುಟ್ಟಿಸೋ ಆಲ್ಟರ್ನೇಟರ್ ಬಿಚ್ಚಿ, ಒಳಗೆ ಉಜ್ಜಿ ಸವೆಯುವ ಕಾರ್ಬನ್ ಬದಲಾಯಿಸಿದರು. ಮುಳ್ಳು ಅಲ್ಲೇ. ಇನ್ನೊಬ್ಬರು ವೋಲ್ಟ್ ಹದದಲ್ಲಿಡೋ ರೆಗ್ಯುಲೇಟರ್ ಹೋಗಿದೆ ಅಂದರು, ಅದೂ ಬದಲಾಯಿತು. ಮುಳ್ಳು ಅಲ್ಲೇ. ಬೆಲ್ಟ್ ಬಿಗಿ ಮಾಡಿದ್ದೂ ಆಯಿತು. ಮೂರನೆಯವರು "ಗುಜರಿಯಲ್ಲಿ ಇನ್ನೊಂದು ಆಲ್ಟರ್ನೇಟರ್ ಸಿಗುತ್ತೆ, ಹಾಕ್ಬಿಡೋಣ" ಅಂದಾಗ ನಾನು ಕಾರು ಮನೆಗೆ ತಂದೆ. ಮೂರು ಜನರೂ ಮುಳ್ಳನ್ನು ನೋಡಿದರೇ ಹೊರತು ಒಬ್ಬರೂ ಬ್ಯಾಟರಿಗೆ ವೋಲ್ಟ್ ಅಳೆಯೋ ಮೀಟರ್ ಹಿಡಿಯಲಿಲ್ಲ. ಹೇಳಬೇಕಂದ್ರೆ ನಾನೂ ಹಿಡಿದಿರಲಿಲ್ಲ.

ಅನುಮಾನ ಬಂದದ್ದು ಲೆಕ್ಕದಿಂದ. ಒಂದು ರಾತ್ರಿ ಶಿರಾದಿಂದ ವಾಪಸ್ ಬಂದೆವು. ಹೆಡ್‌ಲೈಟ್ ಹಾಕಿಕೊಂಡು ಒಂದೂವರೆ ಗಂಟೆ. ಮೈನಸ್ 14 ನಿಜವಾಗಿದ್ದರೆ ಬ್ಯಾಟರಿಯಿಂದ 21 ಆಂಪಿಯರ್ ಅವರ್ ಹೋಗಿರಬೇಕು. ಆ ವಾರ ಆರು ದಿನ ಹಗಲು ಒಂದೊಂದು ಗಂಟೆ ಓಡಿಸಿದ್ದೆ, ಅದು ಇನ್ನೊಂದು 24. ಒಟ್ಟು 45. ಎಂಜಿನ್ ಎಬ್ಬಿಸೋ ಸೆಲ್ಫ್ ಮೋಟಾರ್ ತಿನ್ನೋದು ಬೇರೆ. 60ರ ಬ್ಯಾಟರಿಯಲ್ಲಿ 45 ಖಾಲಿಯಾದರೆ ಸೆಲ್ಫ್ 'ಟಕ್ ಟಕ್' ಅಂತ ಅಳಬೇಕಿತ್ತು. ನಮ್ಮದು ಬೆಳಗ್ಗೆ ಒಂದೇ ಹೊಡೆತಕ್ಕೆ ಎದ್ದಿತು.

ಅಂದರೆ ಬ್ಯಾಟರಿಗೆ ಎಲ್ಲಿಂದಲೋ ಚಾರ್ಜ್ ಬರುತ್ತಿದೆ. ಮುಳ್ಳಿಗೆ ಮಾತ್ರ ಅದು ಕಾಣ್ತಿಲ್ಲ.

ಮೊದಲನೇ ಭಾನುವಾರ ಬಾನೆಟ್ ಎತ್ತಿ ಮಲ್ಟಿಮೀಟರ್ ತಗೊಂಡೆ. ಎಂಜಿನ್ ನಿಂತಿದ್ದಾಗ ಬ್ಯಾಟರಿಯಲ್ಲಿ 12.6 ವೋಲ್ಟ್. ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಕೊಟ್ಟಾಗ 14.1. ಹೆಡ್‌ಲೈಟ್ ಹಾಕಿದರೆ 13.9. ಇದಕ್ಕಿಂತ ಚೆನ್ನಾದ ಚಾರ್ಜಿಂಗ್ ಹಳೇ ಕಾರಿನಲ್ಲಿ ಕೇಳಬಾರದು. ಎರಡು ಗಂಟೆ ಮುಂಚೆ ಈ ಕೆಲಸ ಮಾಡಿದ್ದರೆ ಅಂತಲ್ಲ, ಎರಡು ತಿಂಗಳು ಮುಂಚೆ ಮಾಡಿದ್ದರೆ ಕಾರ್ಬನ್ನಿನ ದುಡ್ಡೂ ರೆಗ್ಯುಲೇಟರ್ ದುಡ್ಡೂ ಉಳಿಯುತ್ತಿತ್ತು.

ಇಲ್ಲಿ ಸ್ವಲ್ಪ ನಿಂತು ಒಂದು ವಿಷಯ ಹೇಳಬೇಕು. ಹಳೇ ಕಾರುಗಳಲ್ಲಿ ಚಾರ್ಜಿಂಗ್ ಬಗ್ಗೆ ಹೇಳೋಕೆ ಮೂರು ಸಾಮಾನು ಇರುತ್ತವೆ: ಕೆಂಪು ಲೈಟು, ಆಮ್ಮೀಟರ್, ವೋಲ್ಟ್‌ಮೀಟರ್. ಮೂರೂ ಬೇರೆ ಬೇರೆ ಮಾತು ಹೇಳುತ್ತವೆ. ನಾವು ಮೂರಕ್ಕೂ ಒಂದೇ ಪ್ರಶ್ನೆ ಕೇಳುತ್ತೇವೆ.

ಕೆಂಪು ಲೈಟಿನ ಒಂದು ತುದಿ ಇಗ್ನಿಷನ್ ಕೀಗೆ, ಇನ್ನೊಂದು ತುದಿ ಡೈನಮೋಗೆ (ಆಲ್ಟರ್ನೇಟರ್ ಬರುವ ಮುಂಚೆ ಕರೆಂಟ್ ಹುಟ್ಟಿಸುತ್ತಿದ್ದದ್ದು ಇದೇ). ಎರಡೂ ಕಡೆ ವೋಲ್ಟ್ ಸಮ ಆದಾಗ ಬಲ್ಬ್ ಆರುತ್ತೆ. ಅಷ್ಟೇ ಅದರ ಕೆಲಸ. ಎಷ್ಟು ಚಾರ್ಜ್ ಹೋಗ್ತಿದೆ ಅನ್ನೋದು ಅದಕ್ಕೆ ಗೊತ್ತಿಲ್ಲ. ಆಲ್ಟರ್ನೇಟರ್ ಹಾಕಿದ ಕಾರಿನಲ್ಲಿ ಈ ಬಲ್ಬಿಗೆ ಇನ್ನೊಂದು ಕೆಲಸವೂ ಇದೆ. ಆಲ್ಟರ್ನೇಟರ್ ಚಾಲೂ ಆಗೋಕೆ ಮೊದಲ ಚೂರು ಕರೆಂಟ್ ಇದರ ಮೂಲಕವೇ ಹೋಗುತ್ತೆ. ಎರಡು ವ್ಯಾಟಿನ ಈ ಬಲ್ಬ್ ಸುಟ್ಟರೆ ಕೆಲವು ಆಲ್ಟರ್ನೇಟರ್ ಜೋರಾಗಿ ರೇಸ್ ಮಾಡುವ ತನಕ ಏಳೋದೇ ಇಲ್ಲ.

ಆಮ್ಮೀಟರ್ ದಾರಿಯ ಮಧ್ಯೆ ಕೂತ ಟೋಲ್ ಗೇಟ್ ಇದ್ದಹಾಗೆ. ಬ್ಯಾಟರಿಗೂ ಉಳಿದ ವೈರಿಂಗಿಗೂ ನಡುವೆ ಅದು ಕೂತಿರುತ್ತೆ. ಬ್ಯಾಟರಿಯಿಂದ ಆಚೆ ಹೋಗೋ ಕರೆಂಟ್ ಎಡಕ್ಕೆ ಎಳೆಯುತ್ತೆ, ಒಳಗೆ ಬರೋದು ಬಲಕ್ಕೆ. ಸೆಲ್ಫ್ ಮೋಟಾರ್ ಮಾತ್ರ ಈ ಗೇಟ್ ದಾಟಲ್ಲ. ಅದು ನೂರಾರು ಆಂಪಿಯರ್ ಎಳೆಯುತ್ತೆ, ಮೀಟರ್ ಹೊಗೆಯಾಗಿಬಿಡುತ್ತೆ. ಹಾಗಾಗಿ ಅದಕ್ಕೆ ಬ್ಯಾಟರಿಯಿಂದ ನೇರ ದಪ್ಪ ಕೇಬಲ್. ಡೈನಮೋ ಎಷ್ಟು ಹುಟ್ಟಿಸ್ತಿದೆ ಅಂತ ಆಮ್ಮೀಟರ್ ಹೇಳಲ್ಲ. ಹುಟ್ಟಿದ್ದರಲ್ಲಿ ಖರ್ಚು ಕಳೆದು ಬ್ಯಾಟರಿಗೆ ಸಿಕ್ಕಿದ್ದೆಷ್ಟು ಅಂತ ಹೇಳುತ್ತೆ. ಸರಿಯಾದ ಕಾರಿನಲ್ಲಿ ಸ್ಟಾರ್ಟ್ ಆದ ತಕ್ಷಣ ಮುಳ್ಳು ಬಲಕ್ಕೆ ಜಿಗಿದು, ಹತ್ತು ಹದಿನೈದು ನಿಮಿಷದಲ್ಲಿ ಸೊನ್ನೆ ಹತ್ತಿರ ಬಂದು ಕೂರುತ್ತೆ. ಸೊನ್ನೆ ಕಂಡು ಹೆದರಬಾರದು, ಹೊಟ್ಟೆ ತುಂಬಿದೆ ಅಂತ ಅರ್ಥ. ಗಂಟೆಗಟ್ಟಲೆ ಪ್ಲಸ್ 15ರಲ್ಲೇ ನಿಂತರೆ ಹೆದರಬೇಕು.

ವೋಲ್ಟ್‌ಮೀಟರ್ ಬಗ್ಗೆ ಆಮೇಲೆ ಹೇಳ್ತೀನಿ.

ಅಪ್ಪನಿಗೆ ಈ ಮುಳ್ಳಿನ ಹುಚ್ಚು ಡೈನಮೋ ಕಾಲದ್ದು. ಇದೇ ಕಾರಿನಲ್ಲಿ ಮೊದಲು ಡೈನಮೋ, ಕಟೌಟ್ ಇದ್ದವು. ಆ ಕಾಲದ ಡೈನಮೋಗಳಲ್ಲಿ ಜಾಸ್ತಿ ಅಂದರೆ 22 ಆಂಪಿಯರ್ ಬರುತ್ತಿತ್ತು, ಅದೂ ವೇಗ ಇದ್ದಾಗ. ಸ್ಲೋನಲ್ಲಿ ಏನೂ ಇಲ್ಲ. ಸಿದ್ಧಗಂಗೆ ಜಾತ್ರೆಯ ದಿನ ಬಿ.ಎಚ್. ರಸ್ತೆಯಲ್ಲಿ ಗಾಡಿಗಳ ನಡುವೆ ಸಿಕ್ಕಿಕೊಂಡರೆ ಕೆಂಪು ಲೈಟ್ ಮಿಣುಕುತ್ತಿತ್ತು, ಮುಳ್ಳು ಎಡಕ್ಕೆ ವಾಲುತ್ತಿತ್ತು. ಅಪ್ಪ ನ್ಯೂಟ್ರಲ್ ಮಾಡಿ ರೇಸ್ ಕೊಟ್ಟು ಅದನ್ನು ಬಲಕ್ಕೆ ಏರಿಸುತ್ತಿದ್ದರು. ಎಂಜಿನ್ ನಿಧಾನವಾದಾಗ ಬ್ಯಾಟರಿಯ ಕರೆಂಟ್ ವಾಪಸ್ ಡೈನಮೋಗೆ ನುಗ್ಗದ ಹಾಗೆ ಬಾಗಿಲು ಹಾಕೋದೇ ಕಟೌಟಿನ ಕೆಲಸ. ಅದರ ಪಾಯಿಂಟ್ ಅಂಟಿಕೊಂಡರೆ ಎಂಜಿನ್ ಆಫ್ ಮಾಡಿದ ಮೇಲೂ ಮುಳ್ಳು ಮೈನಸ್ಸಿಗೆ ಬಿದ್ದು ಅಲ್ಲೇ ಇರುತ್ತೆ. ಬ್ಯಾಟರಿ ಬಿಚ್ಚದಿದ್ದರೆ ವೈರಿಂಗೇ ಸುಟ್ಟುಹೋಗುತ್ತೆ. ಅಪ್ಪ ಒಂದು ಸಲ ಅದನ್ನು ನೋಡಿದ್ದಾರೆ. ಮುಳ್ಳಿನ ಮೇಲೆ ಅವರಿಗೆ ಭಯ ಇದ್ದಿದ್ದರಲ್ಲಿ ತಪ್ಪೇನಿಲ್ಲ.

ಸರಿ, ವೈರ್ ಹುಡುಕೋಣ ಅಂತ ಬೆನ್ನು ಕೆಳಗೆ ಮಾಡಿ ಪೆಡಲ್‌ಗಳ ನಡುವೆ ತಲೆ ತೂರಿಸಿದೆ. ಆಮ್ಮೀಟರ್ ಹಿಂದೆ ಎರಡು ಹಿತ್ತಾಳೆ ಬೋಲ್ಟು. ಒಂದರಲ್ಲಿ ಕಂದು ಬಣ್ಣದ ಒಂದೇ ವೈರು, ಡ್ಯಾಶ್‌ಬೋರ್ಡಿಗೂ ಎಂಜಿನ್ನಿಗೂ ನಡುವಿನ ತಗಡಿನ ಗೋಡೆ ತೂರಿ ಎಂಜಿನ್ ಕಡೆ ಹೋಗಿದೆ. ಇನ್ನೊಂದರಲ್ಲಿ ಮೂರು ವೈರು ಒಂದೇ ನಟ್ಟಿನ ಕೆಳಗೆ: ಕೀಗೆ ಒಂದು, ಲೈಟ್ ಸ್ವಿಚ್ಚಿಗೆ ಒಂದು, ಫ್ಯೂಸ್ ಬಾಕ್ಸಿಗೆ ಒಂದು. ಎಲ್ಲಾ ಖರ್ಚಿನವೇ. ಆದಾಯದ ವೈರೆಲ್ಲಿ? ಆಲ್ಟರ್ನೇಟರಿನಿಂದ ಹೊರಟ ದಪ್ಪ ಕೆಂಪು ವೈರ್ ಹಿಡಿದು ಹೋದೆ. ಅದು ಡ್ಯಾಶ್‌ಬೋರ್ಡ್ ಕಡೆಗೆ ಬರೋದೇ ಇಲ್ಲ. ಎಂಜಿನ್ ಪಕ್ಕದಲ್ಲೇ ತಿರುಗಿ ಸೆಲ್ಫಿನ ದೊಡ್ಡ ಟರ್ಮಿನಲ್ಲಿಗೆ, ಬ್ಯಾಟರಿ ಕೇಬಲ್ ಜೊತೆ ಬೋಲ್ಟ್ ಆಗಿದೆ.

ಆಲ್ಟರ್ನೇಟರಿನ ಕರೆಂಟ್ ಟೋಲ್ ಗೇಟ್ ದಾಟದೇ ಹಿಂದಿನ ರಸ್ತೆಯಿಂದ ನೇರ ಬ್ಯಾಟರಿಗೆ ಹೋಗ್ತಿದೆ! ಕಾರಿನ ಖರ್ಚು ಮಾತ್ರ ಗೇಟಿನಿಂದ ಆಚೆ ಹೋಗುತ್ತೆ. ಮುಳ್ಳು ಬಲಕ್ಕೆ ಬರೋಕೆ ಸಾಧ್ಯವೇ ಇಲ್ಲ. ಲೆಕ್ಕವೂ ಕೂಡಿಬಂತು. ಇಗ್ನಿಷನ್ ಕಾಯಿಲ್ ಮೂರು-ನಾಲ್ಕು ಆಂಪಿಯರ್ ತಿನ್ನುತ್ತೆ, ಅದೇ ಹಗಲಿನ ಮೈನಸ್ 4. ಎರಡು ಹೆಡ್‌ಲೈಟು, ಹಿಂದಿನ ಮುಂದಿನ ಸಣ್ಣ ಬಲ್ಬು ಸೇರಿ ಇನ್ನೊಂದು ಹತ್ತು. ಎಂಜಿನ್ ಆಫ್ ಇದ್ದಾಗ ಹೆಡ್‌ಲೈಟ್ ಹಾಕಿದರೂ ಮುಳ್ಳು ಹತ್ತೇ ಇಳಿಯಿತು, ಎಂಜಿನ್ ಓಡ್ತಿದ್ದಾಗ ಹಾಕಿದರೂ ಹತ್ತೇ. ನಿಮ್ಮ ಕಾರಿನಲ್ಲೂ ಹೀಗೇ ಆದರೆ ಆಲ್ಟರ್ನೇಟರಿಗೆ ಕೈ ಹಾಕೋ ಮುಂಚೆ ವೈರ್ ನೋಡಿ.

"ಯಾರಪ್ಪ ಈ ಬುದ್ಧಿವಂತ?" ಅಂತ ಅಪ್ಪನ್ನ ಕೇಳಿದೆ. ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿದ್ದು ಗುಬ್ಬಿ ಗೇಟ್ ಹತ್ತಿರದ ಒಬ್ಬ ಹಳೇ ವೈರಿಂಗ್ ಮೇಸ್ತ್ರಿಯಂತೆ. ಅವರು ಈಗಿಲ್ಲ. ಮನಸಲ್ಲೇ ಎರಡು ಮಾತು ಬೈದುಕೊಂಡೆ.

ಮೀಟರ್ ಬಿಚ್ಚಿದ್ದೇ ಬಿಚ್ಚಿದ್ದು, ಅದರ ಇನ್ನೊಂದು ರೋಗವನ್ನೂ ನೋಡೋಣ ಅನ್ನಿಸಿತು. ವೈರೇ ಇಲ್ಲದಿದ್ದಾಗಲೂ ಮುಳ್ಳು ಸೊನ್ನೆಯಿಂದ ಒಂದು ಗೆರೆ ಎಡಕ್ಕೆ ನಿಲ್ಲುತ್ತಿತ್ತು, ಅಲ್ಲಾಡಿಸಿದರೆ ತೊಡರುತ್ತಿತ್ತು. ನಮ್ಮ ಬೀದಿಯಲ್ಲಿ ಒಬ್ಬರು ಅಂಕಲ್ ಇದ್ದಾರೆ, ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ದವರು. ಫ್ಯಾಕ್ಟರಿ 2016ರಲ್ಲಿ ಬಾಗಿಲು ಹಾಕಿತು, ಆ ಜಾಗ ಈಗ ಇಸ್ರೋದ್ದು. ಅಂಕಲ್ ಮನೆಯ ಮೇಜಿನ ಮೇಲೆ ಮಾತ್ರ ಫ್ಯಾಕ್ಟರಿ ಇನ್ನೂ ನಡೀತಿದೆ.

ಆಮ್ಮೀಟರ್ ಕೈಗೆ ಕೊಟ್ಟೆ. ವಾಚಿನ ಹಿಂದಿನ ಮುಚ್ಚಳ ತೆಗೆಯೋ ಚಾಕುವಿನಿಂದ ಸುತ್ತಲ ಕ್ರೋಮ್ ಬಳೆಯ ಅಂಚನ್ನು ಕೂದಲೆಳೆಯಷ್ಟು ಎತ್ತುತ್ತಾ ಸುತ್ತು ಬಂದರು. ಗಾಜು ಸಡಿಲವಾಯಿತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮುಳ್ಳಿನ ಬುಡ ನೋಡಿದರು. ಸ್ವಲ್ಪ ಹೊತ್ತು ಮಾತಿಲ್ಲ.

"ಏನಪ್ಪಾ, ಇದಕ್ಕೆ ಹೇರ್‌ಸ್ಪ್ರಿಂಗೇ ಇಲ್ಲವಲ್ಲ! ವಾಪಸ್ ಸೊನ್ನೆಗೆ ಹೆಂಗೆ ಬರುತ್ತೆ?"

ನನಗೂ ಗೊತ್ತಿರಲಿಲ್ಲ. ಇಬ್ಬರೂ ಬಗ್ಗಿ ನೋಡಿದೆವು. ಹಿಂದಿನ ಎರಡು ಬೋಲ್ಟುಗಳ ನಡುವೆ ಒಂದು ದಪ್ಪ ಹಿತ್ತಾಳೆ ಪಟ್ಟಿ. ಮುಳ್ಳಿನ ಬುಡದಲ್ಲಿ ಮೆತ್ತನೆ ಕಬ್ಬಿಣದ ಉಗುರಿನಷ್ಟು ಚೂರು. ಪಕ್ಕದಲ್ಲಿ ಪುಟ್ಟ ಅಯಸ್ಕಾಂತ. ಆ ಅಯಸ್ಕಾಂತ ಕಬ್ಬಿಣದ ಚೂರನ್ನು ಹಿಡಿದು ಸೊನ್ನೆಯಲ್ಲಿ ನಿಲ್ಲಿಸುತ್ತೆ. ಪಟ್ಟಿಯಲ್ಲಿ ಕರೆಂಟ್ ಹರಿದರೆ ಅದೂ ಒಂದು ಅಯಸ್ಕಾಂತವಾಗಿ ಚೂರನ್ನು ಪಕ್ಕಕ್ಕೆ ಎಳೆಯುತ್ತೆ. ಕರೆಂಟ್ ಆ ಕಡೆಯಿಂದ ಬಂದರೆ ಆ ಕಡೆ, ಈ ಕಡೆಯಿಂದ ಬಂದರೆ ಈ ಕಡೆ. ಇಡೀ ಯಂತ್ರ ಇಷ್ಟೇ! ಸುರುಳಿ ಇಲ್ಲ, ಸ್ಪ್ರಿಂಗ್ ಇಲ್ಲ, ಹಾಳಾಗೋಕೆ ಏನೂ ಇಲ್ಲ. ಅಂಕಲ್ ಮುಖದಲ್ಲಿ ಸ್ವಲ್ಪ ತಾತ್ಸಾರ, ಸ್ವಲ್ಪ ಮೆಚ್ಚುಗೆ. "ಎತ್ತಿನ ಗಾಡಿ ಕಣಪ್ಪ ಇದು. ಆದ್ರೆ ಓಡುತ್ತೆ."

ತೊಡರುತ್ತಿದ್ದದ್ದು ಅಯಸ್ಕಾಂತಕ್ಕೆ ಅಂಟಿದ್ದ ಕಬ್ಬಿಣದ ಧೂಳಿನಿಂದ. ಗಡ್ಡದ ಹಾಗೆ ಬೆಳೆದಿತ್ತು. ಬ್ರಷ್ಷಿಗೆ ಅದು ಬರಲ್ಲ, ಅಯಸ್ಕಾಂತ ಮತ್ತೆ ಎಳೆದುಕೊಳ್ಳುತ್ತೆ. ಅಂಕಲ್ ಅಂಟು ಜೇಡಿಮಣ್ಣಿನಂಥದ್ದೊಂದನ್ನು ಕಡ್ಡಿ ತುದಿಗೆ ಉಂಡೆ ಮಾಡಿ, ಒತ್ತಿ ಒತ್ತಿ ಎಬ್ಬಿಸಿದರು. ಎಣ್ಣೆ ಒಂದು ಹನಿಯೂ ಬೇಡ ಅಂದರು, ಧೂಳು ಕೂರುತ್ತೆ ಅಂತ. ಮೇಜಿನ ಮೇಲೆ ಬ್ಯಾಟರಿ ಇಟ್ಟು, 55 ವ್ಯಾಟಿನ ಬಲ್ಬಿಗೆ ಮೀಟರ್ ಮೂಲಕ ಕರೆಂಟ್ ಕೊಟ್ಟೆವು. ಲೆಕ್ಕಕ್ಕೆ ನಾಲ್ಕೂವರೆ ಆಂಪಿಯರ್ ಚಿಲ್ಲರೆ. ಮುಳ್ಳು 5ರ ಗೆರೆಯ ಹತ್ತಿರ ಹೋಯಿತು. ವೈರ್ ಅದಲು ಬದಲು ಮಾಡಿದರೆ ಅಷ್ಟೇ ಬಲಕ್ಕೆ. ತೆಗೆದರೆ ಸೊನ್ನೆಗೆ.

ಎರಡನೇ ಭಾನುವಾರ ನನ್ನ ಬುದ್ಧಿವಂತಿಕೆಯ ದಿನ. ಆಲ್ಟರ್ನೇಟರಿನ ವೈರನ್ನು ಸೆಲ್ಫಿನಿಂದ ಬಿಚ್ಚಿ, ಉದ್ದ ಮಾಡಿ, ಗೋಡೆ ತೂರಿಸಿ ಆಮ್ಮೀಟರಿನ ಮೂರು ವೈರ್ ಇರುವ ಬೋಲ್ಟಿಗೆ ಹಾಕಿದೆ. ಪುಸ್ತಕದ ಪ್ರಕಾರ ಅದೇ ಅದರ ಜಾಗ. ಪರೀಕ್ಷೆ ಜೋರಾಗಿರಲಿ ಅಂತ ಹಿಂದಿನ ಸಂಜೆ ಎರಡು ಗಂಟೆ ಹೆಡ್‌ಲೈಟ್ ಉರಿಸಿ ಬ್ಯಾಟರಿ ಇಳಿಸಿದ್ದೆ. ಸ್ಟಾರ್ಟ್ ಮಾಡಿದೆ.

ಮುಳ್ಳು ಬಲಕ್ಕೆ ಹಾರಿತು. ಅಪ್ಪ ಚಪ್ಪಾಳೆ ಹೊಡೆಯೋದೊಂದು ಬಾಕಿ. ಆದರೆ ಅದು 30 ದಾಟಿ ತುದಿಯ ಮೊಳೆಗೆ ತಾಗಿ ಅಲ್ಲೇ ನಿಂತಿತು. ಎರಡು ನಿಮಿಷಕ್ಕೆ ರಬ್ಬರ್ ವಾಸನೆ. ಮೀಟರ್ ಹಿಂದಿನ ನಟ್ಟು ಮುಟ್ಟಿದೆ, ಕೈ ಹಿಂದೆ ತಗೊಂಡೆ. ಆಫ್!

ಆಲ್ಟರ್ನೇಟರಿನ ಮೇಲೆ 45 ಆಂಪಿಯರ್ ಅಂತ ಬರೆದಿದೆ. ಈ ಮೀಟರು, ಆ ಕಂದು ವೈರು ಎರಡೂ 22 ಆಂಪಿಯರಿನ ಡೈನಮೋ ಕಾಲದ್ದು. ವೈರ್ ತಣ್ಣಗಾದ ಮೇಲೆ ಇನ್ನೊಂದು ಸಲ ಸ್ಟಾರ್ಟ್ ಮಾಡಿ, ಬೇಗ ಬೇಗ ಮಲ್ಟಿಮೀಟರಿನ ಒಂದು ಕಡ್ಡಿ ಆಲ್ಟರ್ನೇಟರ್ ಟರ್ಮಿನಲ್ಲಿಗೆ, ಇನ್ನೊಂದು ಬ್ಯಾಟರಿ ಪ್ಲಸ್ಸಿಗೆ ಹಿಡಿದೆ. 0.9 ವೋಲ್ಟ್. ಇದು 0.3 ಒಳಗೆ ಇರಬೇಕು. ದಾರಿಯಲ್ಲೇ ಅಷ್ಟು ವೋಲ್ಟ್ ಬಿಸಿಯಾಗಿ ಹೋಗ್ತಿದೆ. ಇನ್ನೊಂದು ಅಪಾಯ ಆಮೇಲೆ ಹೊಳೆಯಿತು: ಓಡುವಾಗ ಆ ನಟ್ಟು ಸಡಿಲವಾದರೆ ಆಲ್ಟರ್ನೇಟರಿಗೆ ಬ್ಯಾಟರಿಯೇ ತಪ್ಪಿಹೋಗುತ್ತೆ, ವೋಲ್ಟ್ ಎಗರಿ ಒಳಗಿನ ಡಯೋಡ್ ಸುಡುತ್ತೆ. ಮೇಲಾಗಿ ಈ ದಾರಿಗೆ ಫ್ಯೂಸೂ ಇಲ್ಲ.

ಕಾರಿನ ಬಾಗಿಲಿಗೆ ಒರಗಿ ಟೀ ಕುಡಿಯುವಾಗ ಗುಬ್ಬಿ ಗೇಟಿನ ಮೇಸ್ತ್ರಿ ನೆನಪಾದರು. ಅವರಿಗೆ ಇದೆಲ್ಲಾ ಗೊತ್ತಿತ್ತು. ಹಳೇ ಮೀಟರ್ ಈ ಕರೆಂಟ್ ತಡೆಯಲ್ಲ ಅಂತ ಬೇಕೆಂದೇ ಹಿಂದಿನ ರಸ್ತೆಯಿಂದ ಕಳಿಸಿದ್ದಾರೆ. ಯಾರಿಗೂ ಹೇಳಲಿಲ್ಲ, ಅಥವಾ ಹೇಳಿದ್ದು ಅಪ್ಪನಿಗೆ ಮರೆತುಹೋಗಿದೆ. ವೈರನ್ನು ಅವರಿಟ್ಟ ಜಾಗಕ್ಕೇ ವಾಪಸ್ ಹಾಕಿದೆ. ನಾನು ಮಾಡಿದ ಬದಲಾವಣೆ ಅಂದರೆ ವೈರಿನ ತುದಿಗೆ ಹೊಸ ಲಗ್ (ಬೋಲ್ಟಿಗೆ ಸಿಕ್ಕಿಸೋ ಬಳೆ) ಒತ್ತಿ, ಟರ್ಮಿನಲ್ ಉಜ್ಜಿದ್ದು ಮಾತ್ರ. ಈಗ ಅದೇ ಎರಡು ಜಾಗದ ನಡುವೆ 0.15 ವೋಲ್ಟ್.

ಚಾರ್ಜಿಂಗ್ ನೋಡೋಕೆ ಏನಾದರೂ ಬೇಕಲ್ಲ, ಅದಕ್ಕೆ ಮೂರನೇ ಭಾನುವಾರ ವೋಲ್ಟ್‌ಮೀಟರ್. 52 ಮಿಲಿಮೀಟರಿನ ದುಂಡನೆಯದು, ಮುಳ್ಳಿಂದು. ಅಂಕಿ ಹೊಳೆಯುವ ಡಿಜಿಟಲ್ಲು ಅಗ್ಗಕ್ಕೆ ಸಿಗುತ್ತೆ, ಆದರೆ ಅಂಬಾಸಿಡರಿನಲ್ಲಿ ಅದನ್ನು ನೋಡೋಕೆ ನನ್ನ ಕೈಲಾಗಲ್ಲ. ವೋಲ್ಟ್‌ಮೀಟರ್ ದಾರಿಗೆ ಅಡ್ಡ ಕೂರಲ್ಲ. ಪಕ್ಕದಲ್ಲಿ ನಿಂತು ಒತ್ತಡ ಅಳೆಯುತ್ತೆ. ಸಣ್ಣ ವೈರು, ಒಂದು ಆಂಪಿಯರ್ ಫ್ಯೂಸು ಸಾಕು. ಅದು ಕೆಟ್ಟರೂ ಕಾರು ನಿಲ್ಲಲ್ಲ.

ಮೊದಲು ಫ್ಯೂಸ್ ಬಾಕ್ಸಿನಿಂದ ಕೊಟ್ಟೆ. ಬ್ಯಾಟರಿಯಲ್ಲಿ 14.1 ಇದ್ದರೆ ಇದು 13.6 ತೋರಿಸಿತು. ಹಳೇ ಕೀ, ಹಳೇ ಫ್ಯೂಸ್ ಕ್ಲಿಪ್ಪು ಅರ್ಧ ವೋಲ್ಟ್ ತಿನ್ನುತ್ತಿದ್ದವು. ಕೀಯಿಂದ ಒಂದು ರಿಲೇ (ಕರೆಂಟಿನಿಂದಲೇ ಆನ್ ಆಗೋ ಸ್ವಿಚ್ಚು) ಓಡಿಸಿ, ಮೀಟರಿಗೆ ಬ್ಯಾಟರಿಯಿಂದಲೇ ಫ್ಯೂಸ್ ಹಾಕಿ ಬೇರೆ ವೈರ್ ಎಳೆದೆ. ಈಗ ಎರಡೂ ಒಂದೇ ಹೇಳುತ್ತವೆ.

ಇದರ ಮುಳ್ಳು ಸೋಮಾರಿ. ಒಳಗೆ ಬಿಸಿಯಾಗಿ ಬಾಗುವ ಪಟ್ಟಿ ಇದೆ, ಕೀ ಹಾಕಿದ ಮೇಲೆ ಏರೋಕೆ ಕೆಲವು ಸೆಕೆಂಡ್ ಬೇಕು. ಬೆಳಗ್ಗೆ ಕೀ ಹಾಕಿ ಕಾದರೆ ಹನ್ನೆರಡೂವರೆ. 12.2ಕ್ಕೆ ಬಂದರೆ ಬ್ಯಾಟರಿ ಅರ್ಧ ಅಂತ ಲೆಕ್ಕ. ಸೆಲ್ಫ್ ಹೊಡೆಯುವಾಗ ಹತ್ತರ ಕೆಳಗೆ ಹೋಗಬಾರದು. ಓಡುವಾಗ ಹದಿನಾಲ್ಕರ ಆಚೆ ಈಚೆ. ಹದಿನೈದು ದಾಟಿದರೆ ರೆಗ್ಯುಲೇಟರ್ ಹೋಗಿದೆ, ಬ್ಯಾಟರಿ ನೀರು ಕುದ್ದು ಖಾಲಿಯಾಗುತ್ತೆ. ದೇವರಾಯನದುರ್ಗದ ತಿರುವುಗಳಲ್ಲಿ ಎರಡನೇ ಗೇರಿನಲ್ಲಿ ಹತ್ತಿಸಿದೆವು, ಹೆಡ್‌ಲೈಟೂ ವೈಪರೂ ಸುಮ್ನೆ ಹಾಕಿಕೊಂಡು. 13.8ರಿಂದ ಕೆಳಗಿಳಿಯಲಿಲ್ಲ.

ಹಳೇ ಆಮ್ಮೀಟರ್ ತೆಗೆದುಬಿಡೋಣ ಅಂದೆ. ಅಪ್ಪ ಒಪ್ಪಲಿಲ್ಲ. ಖರ್ಚಿನ ಕರೆಂಟ್ ಅಷ್ಟೇನೂ ಜಾಸ್ತಿ ಇರಲ್ಲ, ಅದನ್ನು ಅದು ಆರಾಮಾಗಿ ತಡೆಯುತ್ತೆ, ಇರಲಿ ಬಿಡು ಅಂತ ನಾನೂ ಸುಮ್ಮನಾದೆ. ಮೂರು ವೈರಿನ ನಟ್ಟಿಗೆ ಸ್ಪ್ರಿಂಗ್ ವಾಷರ್ ಹಾಕಿ, ರಬ್ಬರ್ ಟೋಪಿ ಹಾಕಿದೆ. ಕೆಳಗೆ ಚೀಟಿ ಅಂಟಿಸಿದೆ: 'ಖರ್ಚು ಮಾತ್ರ'. ನಾಳೆ ಇನ್ನೊಬ್ಬ ಕಾರ್ಬನ್ ಬದಲಾಯಿಸದಿರಲಿ ಅಂತ.

ಅಪ್ಪ ಅದಕ್ಕೂ ಒಂದು ಕೆಲಸ ಹುಡುಕಿಕೊಂಡರು. ಬ್ರೇಕ್ ಒತ್ತಿದರೆ ಹಿಂದಿನ ಎರಡು 21 ವ್ಯಾಟಿನ ಬಲ್ಬಿಗೆ ಮುಳ್ಳು ಮೂರೂವರೆ ಆಂಪಿಯರ್ ಇಳಿಯುತ್ತೆ. ಇಂಡಿಕೇಟರ್ ಹಾಕಿದರೆ ತಾಳ ಹಾಕಿದ ಹಾಗೆ ಕುಣಿಯುತ್ತೆ. ಮೊನ್ನೆ ಟೌನ್ ಹಾಲ್ ಸರ್ಕಲ್‌ನಲ್ಲಿ ನಿಂತಾಗ ಗಾಜಿಗೆ ಕುಟ್ಟಿ, "ಅರ್ಧವೇ ಇಳೀತು ನೋಡು" ಅಂದರು. ಇಳಿದು ಹಿಂದೆ ಹೋಗಿ ನೋಡಿದೆ. ಎಡಗಡೆ ಬ್ರೇಕ್ ಬಲ್ಬ್ ಹೋಗಿತ್ತು.